ವೇಲಚೇರಿಗೂ ಸಿಗುತ್ತಾ ಕ್ಷಿಪಣಿ ರಕ್ಷಣಾ ಕವಚ? ಏನಿದು ಚರ್ಚೆ, ಬೇಕು-ಬೇಡ ಎನ್ನುವವರ ವಾದವೇನು?

ಚೆನ್ನೈ: 2024ರ ಅಕ್ಟೋಬರ್ ಮಧ್ಯಭಾಗದಲ್ಲಿ ಭಾರೀ ಮಳೆಯ ಮುನ್ಸೂಚನೆ ಬಂದಾಗ ವೇಲಚೇರಿಯ ಜನ ಮೊದಲು ಮಾಡಿದ ಕೆಲಸವೇನು ಗೊತ್ತೇ? ಮನೆ ಮುಂದಿನ ಕಾರುಗಳನ್ನು ತಂದು ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿದರು. 2015ರ ಪ್ರವಾಹ ಕಲಿಸಿದ ಪಾಠ ಅದು. ಆ ಕಾರುಗಳ ಸಾಲಿನ ಚಿತ್ರ ದೇಶದೆಲ್ಲೆಡೆ ಹರಿದಾಡಿತ್ತು.

ಅದಾಗಿ ಏಳು ತಿಂಗಳೂ ಕಳೆದಿರಲಿಲ್ಲ. 2025ರ ಮೇ 7ರಂದು ಚೆನ್ನೈ ಬೇರೆಯದೇ ಅಪಾಯಕ್ಕೆ ತಾಲೀಮು ನಡೆಸಿತು. ಕೇಂದ್ರ ಗೃಹ ಸಚಿವಾಲಯದ ಸೂಚನೆಯಂತೆ ನಡೆದ 'ಆಪರೇಷನ್ ಅಭ್ಯಾಸ್' ಹೆಸರಿನ ಅಣಕು ಕಾರ್ಯಾಚರಣೆಗೆ ಇಲ್ಲಿ ಆರಿಸಿಕೊಂಡಿದ್ದು ಚೆನ್ನೈ ಬಂದರು ಮತ್ತು ಕಲ್ಪಾಕ್ಕಂ ಅಣು ವಿದ್ಯುತ್ ಸ್ಥಾವರವನ್ನು. ಕರ್ನಾಟಕದಿಂದ ಬೆಂಗಳೂರು, ಕಾರವಾರ, ರಾಯಚೂರು ಪಟ್ಟಿಯಲ್ಲಿದ್ದವು. ಆ ದಿನ ನಸುಕಿನಲ್ಲೇ 'ಆಪರೇಷನ್ ಸಿಂಧೂರ' ಶುರುವಾಗಿತ್ತು.

ಕಲ್ಪಾಕ್ಕಂನಿಂದ ವೇಲಚೇರಿಗೆ ಐವತ್ತು ಚಿಲ್ಲರೆ ಕಿಲೋಮೀಟರ್. ಇಲ್ಲಿ ಬಾಡಿಗೆ ಮನೆ ಹಿಡಿದು ಐಟಿ ಕಂಪನಿಗೆ ಹೋಗಿಬರುವ ಕನ್ನಡಿಗರೂ ಇದ್ದಾರೆ. ಊರಿನಿಂದ ಫೋನ್ ಬಂದಾಗ 'ಅಲ್ಲೇನೂ ಭಯ ಇಲ್ಲ ತಾನೇ?' ಎಂಬ ಪ್ರಶ್ನೆ ಆ ವಾರ ಸಹಜವಾಗಿತ್ತು. ಮಳೆಯಾದರೆ ಎರಡು ದಿನ ಮೊದಲೇ ಗೊತ್ತಾಗುತ್ತದೆ. ಕರಾಚಿ ಕಡೆಯಿಂದ ಸುಮಾರು 1,900 ಕಿ.ಮೀ. ದೂರದ ಚೆನ್ನೈಗೆ ಬ್ಯಾಲಿಸ್ಟಿಕ್ ಕ್ಷಿಪಣಿ ಹಾರಿ ಬರಲು ಹದಿನೈದು ನಿಮಿಷವೂ ಬೇಡ. ಅಷ್ಟರೊಳಗೆ ಅದನ್ನು ಆಕಾಶದಲ್ಲೇ ಒಡೆಯಬಹುದೇ? ಒಡೆಯುವ ವ್ಯವಸ್ಥೆ ಇದ್ದರೆ ಅದು ಯಾವ ಊರಿಗೆ, ಯಾವ ಊರಿಗಿಲ್ಲ? ಇದಕ್ಕೆ ಸುರಿಯುವ ದುಡ್ಡು ಸಾರ್ಥಕವೇ? ರಾಷ್ಟ್ರೀಯ ಕ್ಷಿಪಣಿ ರಕ್ಷಣೆ ಎಂಬ ದೊಡ್ಡ ಚರ್ಚೆ ನಿಂತಿರುವುದು ಈ ಮೂರು ಪ್ರಶ್ನೆಗಳ ಮೇಲೆ.

ಕ್ಷಿಪಣಿಯನ್ನು ತಡೆಯುವುದು ಹೇಗೆ?

ಬ್ಯಾಲಿಸ್ಟಿಕ್ ಕ್ಷಿಪಣಿ ಎಂದರೆ ಬಲವಾಗಿ ಮೇಲಕ್ಕೆಸೆದ ಕಲ್ಲಿನಂತೆ. ರಾಕೆಟ್ ಉರಿಯುವುದು ಮೊದಲ ಕೆಲವು ನಿಮಿಷ ಮಾತ್ರ. ಆಮೇಲೆ ಅದು ವಾತಾವರಣ ದಾಟಿ ಮೇಲೇರಿ, ಗುರಿಯ ಮೇಲೆ ಬೀಳತೊಡಗುತ್ತದೆ. ಬೀಳುವಾಗಿನ ವೇಗ ಸೆಕೆಂಡಿಗೆ ಹಲವು ಕಿಲೋಮೀಟರ್.

ತಡೆಯುವವರು ಮೊದಲು ಉಪಗ್ರಹ ಇಲ್ಲವೇ ರಾಡಾರ್‌ನಿಂದ ಉಡಾವಣೆ ಪತ್ತೆಹಚ್ಚಬೇಕು. ಅದು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಬೇಕು. ನಂತರ ಅದರ ದಾರಿಗೆ ಅಡ್ಡವಾಗಿ ಪ್ರತಿಬಂಧಕ ಕ್ಷಿಪಣಿ ಹಾರಿಸಬೇಕು. ಇದೆಲ್ಲ ಮುಗಿಯಬೇಕಿರುವುದು ನಿಮಿಷಗಳಲ್ಲಿ. ಕ್ರೂಸ್ ಕ್ಷಿಪಣಿ ಮತ್ತು ಡ್ರೋನ್‌ಗಳ ಕಥೆ ಬೇರೆ. ಅವು ನಿಧಾನ, ಆದರೆ ನೆಲಕ್ಕೆ ಹತ್ತಿರದಲ್ಲೇ ಹಾರುವುದರಿಂದ ರಾಡಾರ್ ಕಣ್ಣಿಗೆ ಬೀಳುವುದು ತಡವಾಗಿ. ಹಾಗಾಗಿ ಎಲ್ಲವನ್ನೂ ತಡೆಯುವ ಒಂದೇ ಅಸ್ತ್ರ ಇಲ್ಲ, ಹಲವು ಪದರಗಳು ಬೇಕಾಗುತ್ತವೆ.

ಭಾರತದ ಬಳಿ ಏನಿದೆ?

ಭಾರತದ ಬ್ಯಾಲಿಸ್ಟಿಕ್ ಕ್ಷಿಪಣಿ ರಕ್ಷಣಾ ಯೋಜನೆ ಶುರುವಾಗಿದ್ದು ಕಾರ್ಗಿಲ್ ಯುದ್ಧದ ಆಸುಪಾಸಿನಲ್ಲಿ. 2006ರ ನವೆಂಬರ್ 27ರಂದು ಡಿಆರ್‌ಡಿಒ ಒಡಿಶಾ ಕರಾವಳಿಯಲ್ಲಿ, ಸುಮಾರು 50 ಕಿ.ಮೀ. ಎತ್ತರದಲ್ಲಿ ಪೃಥ್ವಿ ಮಾದರಿಯ ಗುರಿ ಕ್ಷಿಪಣಿಯನ್ನು ಹೊಡೆದುರುಳಿಸಿತು. 2007ರ ಡಿಸೆಂಬರ್‌ನಲ್ಲಿ ಸುಮಾರು 15 ಕಿ.ಮೀ. ಎತ್ತರದಲ್ಲಿ, ಅಂದರೆ ವಾತಾವರಣದ ಒಳಗೇ, ಇನ್ನೊಂದು ಕ್ಷಿಪಣಿಯನ್ನು ಒಡೆಯಿತು. ಹೀಗೆ ಎರಡು ಪದರಗಳ ರಚನೆ ಸಿದ್ಧವಾಯಿತು. 2024ರ ಜುಲೈ 24ರಂದು ನಡೆದಿದ್ದು ಎರಡನೇ ಹಂತದ ಪರೀಕ್ಷೆ. 5,000 ಕಿ.ಮೀ. ವ್ಯಾಪ್ತಿಯ ಕ್ಷಿಪಣಿಗಳನ್ನು ತಡೆಯುವ ಸಾಮರ್ಥ್ಯ ಇದರಿಂದ ಸಾಬೀತಾಗಿದೆ ಎಂದು ರಕ್ಷಣಾ ಸಚಿವಾಲಯ ಹೇಳಿತು.

ಇದರ ಜೊತೆಗೆ ರಷ್ಯಾದಿಂದ ತರಿಸಿದ ಎಸ್-400 ಇದೆ. 2018ರ ಅಕ್ಟೋಬರ್‌ನಲ್ಲಿ ಸುಮಾರು 543 ಕೋಟಿ ಡಾಲರ್‌ಗೆ ಐದು ಘಟಕಗಳ ಒಪ್ಪಂದವಾಯಿತು. ಮೊದಲ ಮೂರು ಬಂದ ಮೇಲೆ ಉಕ್ರೇನ್ ಯುದ್ಧದಿಂದಾಗಿ ಉಳಿದವು ತಡವಾದವು. ಹತ್ತಿರದ ಪದರಕ್ಕೆ ನಮ್ಮದೇ 'ಆಕಾಶ್' ಇದೆ.

ಈ ಕವಚದ ಕಣ್ಣುಗಳು ತಯಾರಾಗುವ ಜಾಗಗಳಲ್ಲಿ ಬೆಂಗಳೂರು ಪ್ರಮುಖವಾದುದು. ಆಕಾಶ್‌ನ 'ರಾಜೇಂದ್ರ' ರಾಡಾರ್ ರೂಪುಗೊಂಡಿದ್ದು ಡಿಆರ್‌ಡಿಒದ ಬೆಂಗಳೂರು ಪ್ರಯೋಗಾಲಯ ಎಲ್‌ಆರ್‌ಡಿಇಯಲ್ಲಿ. ಆಕಾಶದಿಂದಲೇ ಕಾವಲು ಕಾಯುವ 'ನೇತ್ರ' ವಿಮಾನ ಬೆಂಗಳೂರಿನದೇ ಮತ್ತೊಂದು ಪ್ರಯೋಗಾಲಯದ ಕೂಸು. ರಾಡಾರ್‌ಗಳ ಮಾಹಿತಿಯನ್ನೆಲ್ಲ ಒಂದೇ ಪರದೆಗೆ ತರುವ ಸೇನೆಯ 'ಆಕಾಶ್‌ತೀರ್' ವ್ಯವಸ್ಥೆಗೆ 2023ರ ಮಾರ್ಚ್‌ನಲ್ಲಿ 1,982 ಕೋಟಿ ರೂಪಾಯಿ ಗುತ್ತಿಗೆ ಪಡೆದಿದ್ದು ಬಿಇಎಲ್.

ಇವೆಲ್ಲ ನಿಜವಾದ ಪರೀಕ್ಷೆಗೆ ಇಳಿದಿದ್ದು 2025ರ ಮೇ ತಿಂಗಳಲ್ಲಿ. ಒಂದೇ ರಾತ್ರಿಯಲ್ಲಿ 36 ಸ್ಥಳಗಳ ಮೇಲೆ 300ರಿಂದ 400 ಡ್ರೋನ್‌ಗಳು ಬಂದಿದ್ದವು ಎಂದು ಸರ್ಕಾರ ಹೇಳಿತು. ಆಗಸ್ಟ್ 9ರಂದು ಬೆಂಗಳೂರಿನಲ್ಲಿ ಉಪನ್ಯಾಸ ನೀಡಿದ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್, ಪಾಕಿಸ್ತಾನದ ಐದು ಯುದ್ಧ ವಿಮಾನ ಮತ್ತು ಒಂದು ದೊಡ್ಡ ವಿಮಾನವನ್ನು ಹೊಡೆದುರುಳಿಸಲಾಗಿದೆ, ಆ ದೊಡ್ಡ ವಿಮಾನವನ್ನು ಹೊಡೆದಿದ್ದು ಸುಮಾರು 300 ಕಿ.ಮೀ. ದೂರದಿಂದ ಎಂದರು. ಪಾಕಿಸ್ತಾನ ಇದನ್ನು ಅಲ್ಲಗಳೆಯಿತು. ಆರು ದಿನಗಳ ನಂತರ, ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ ನರೇಂದ್ರ ಮೋದಿ 'ಮಿಷನ್ ಸುದರ್ಶನ ಚಕ್ರ' ಘೋಷಿಸಿದರು. 2035ರ ಹೊತ್ತಿಗೆ ಸೇನಾ ನೆಲೆಗಳಷ್ಟೇ ಅಲ್ಲ, ಆಸ್ಪತ್ರೆ, ರೈಲ್ವೆ, ಧಾರ್ಮಿಕ ಕೇಂದ್ರಗಳಂಥ ನಾಗರಿಕ ಸ್ಥಳಗಳಿಗೂ ರಕ್ಷಣೆ ನೀಡುವುದು ಇದರ ಗುರಿ.

ಕವಚ ಅಂದರೆ ಇಡೀ ದೇಶಕ್ಕೆ ಛಾವಣಿಯೇ?

ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಎಸ್-400 ವ್ಯಾಪ್ತಿ 400 ಕಿ.ಮೀ. ಎಂಬುದನ್ನು ಎಲ್ಲರೂ ಕೇಳಿದ್ದೇವೆ. ಆದರೆ ಅದು ವಿಮಾನಗಳ ವಿರುದ್ಧದ ಲೆಕ್ಕ. ಬ್ಯಾಲಿಸ್ಟಿಕ್ ಕ್ಷಿಪಣಿಯ ವಿರುದ್ಧ ಅದೇ ವ್ಯವಸ್ಥೆಯ ವ್ಯಾಪ್ತಿ ಸುಮಾರು 60 ಕಿ.ಮೀ.ಗೆ ಇಳಿಯುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ಅಂಥ ಒಂದು ಘಟಕವನ್ನು ತಾಂಬರಂನಲ್ಲಿ ಇಟ್ಟರೆ ವೇಲಚೇರಿ, ಬಂದರು, ಕಲ್ಪಾಕ್ಕಂ ಎಲ್ಲವೂ ಅದರ ವೃತ್ತದೊಳಗೆ ಬರಬಹುದು. ನೇರ ಗೆರೆಯಲ್ಲಿ ಸುಮಾರು 290 ಕಿ.ಮೀ. ದೂರದ ಬೆಂಗಳೂರಿಗೆ ಅದರಿಂದ ಪ್ರಯೋಜನವಿಲ್ಲ. ಅದನ್ನೇ ಬೆಂಗಳೂರಿಗೆ ಒಯ್ದರೆ ಚೆನ್ನೈ ಬರಿದು. ಹುಬ್ಬಳ್ಳಿ, ಮಂಗಳೂರು, ಕೊಯಮತ್ತೂರು ಸರದಿಯಲ್ಲಿ ಇನ್ನೂ ಹಿಂದೆ. ಮೊದಲ ಹಂತದ ಸ್ವದೇಶಿ ವ್ಯವಸ್ಥೆ ಸಿದ್ಧವಾದಾಗಲೂ ಮೊದಲಿಗೆ ಕೇಳಿಬಂದ ಹೆಸರುಗಳು ದೆಹಲಿ ಮತ್ತು ಮುಂಬೈ.

ಹಾಗಾಗಿ 'ರಾಷ್ಟ್ರೀಯ' ಕ್ಷಿಪಣಿ ರಕ್ಷಣೆ ಎಂದಾಗ ಅದರೊಳಗೆ ಒಂದು ಆಯ್ಕೆ ಅಡಗಿದೆ. ಯಾವ ನಗರ ಮೊದಲು, ಯಾವ ಅಣೆಕಟ್ಟು ನಂತರ, ಯಾವ ಸ್ಥಾವರಕ್ಕೆ ಎರಡು ಪದರ, ಯಾವ ಪಟ್ಟಣಕ್ಕೆ ಒಂದೂ ಇಲ್ಲ ಎಂಬ ಆಯ್ಕೆ. ತಂತ್ರಜ್ಞಾನ ಎಷ್ಟೇ ಸುಧಾರಿಸಿದರೂ ಈ ಪ್ರಶ್ನೆ ಹೋಗುವುದಿಲ್ಲ.

ಬೇಕು ಎನ್ನುವವರ ವಾದವೇನು?

ಮೊದಲನೆಯದು, ಬೆದರಿಕೆಯ ಭೂಪಟ ಬದಲಾಗಿದೆ. 2015ರ ಮಾರ್ಚ್‌ನಲ್ಲಿ ಪಾಕಿಸ್ತಾನ ಪರೀಕ್ಷಿಸಿದ ಶಾಹೀನ್-3ರ ವ್ಯಾಪ್ತಿ 2,750 ಕಿ.ಮೀ. ಅಂಡಮಾನ್-ನಿಕೋಬಾರ್‌ವರೆಗೂ ತಲುಪುವಂತೆ ಅದನ್ನು ರೂಪಿಸಲಾಗಿದೆ ಎಂದು ಆ ದೇಶದ ಹಿರಿಯ ನಿವೃತ್ತ ಸೇನಾಧಿಕಾರಿಯೇ ಹೇಳಿದ್ದಾರೆ. ದಕ್ಷಿಣ ಭಾರತ ದೂರದಲ್ಲಿದೆ ಎಂಬ ನೆಮ್ಮದಿ ಈಗಿಲ್ಲ.

ಎರಡನೆಯದು, ಭಾರತದ್ದು ಅಣ್ವಸ್ತ್ರವನ್ನು ತಾನಾಗಿ ಮೊದಲು ಬಳಸುವುದಿಲ್ಲ ಎಂಬ ನೀತಿ. 2003ರ ಜನವರಿ 4ರಂದು ಪ್ರಕಟವಾದ ಅಣು ನೀತಿಯಲ್ಲಿ ಇದು ಸ್ಪಷ್ಟವಾಗಿದೆ. ಮೊದಲ ಏಟು ತಿಂದು ತಿರುಗೇಟು ಕೊಡುವ ದೇಶಕ್ಕೆ ತನ್ನ ನಾಯಕತ್ವ ಮತ್ತು ಆದೇಶ ವ್ಯವಸ್ಥೆ ಉಳಿಯುವುದು ಮುಖ್ಯ. ಅದಕ್ಕೆ ಕವಚ ಬೇಕು ಎನ್ನುತ್ತಾರೆ.

ಮೂರನೆಯದು, ಆಕಸ್ಮಿಕ. 2022ರ ಮಾರ್ಚ್ 9ರಂದು ಭಾರತದ ಸಿಡಿತಲೆ ಇಲ್ಲದ ಕ್ಷಿಪಣಿಯೊಂದು ಅಚಾತುರ್ಯದಿಂದ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿತ್ತು. ತನಿಖೆಯ ನಂತರ ವಾಯುಪಡೆಯ ಮೂವರು ಅಧಿಕಾರಿಗಳನ್ನು ವಜಾ ಮಾಡಲಾಯಿತು. ಇಂಥದ್ದೇ ತಪ್ಪು ಆ ಕಡೆಯಿಂದ ಆದರೆ? ಒಂದೇ ಒಂದು ಕ್ಷಿಪಣಿಯನ್ನು ಆಕಾಶದಲ್ಲೇ ತಡೆದರೆ ಯುದ್ಧವೇ ತಪ್ಪಬಹುದು.

ನಾಲ್ಕನೆಯದು, ಜನರ ಧೈರ್ಯ. ಚೆನ್ನೈಗೆ ಇದರ ಹಳೆಯ ಅನುಭವವಿದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ 'ಎಮ್ಡನ್' ಯುದ್ಧನೌಕೆ ಮದ್ರಾಸಿನ ಮೇಲೆ ಶೆಲ್ ಸುರಿಸಿತು. ಬರ್ಮಾ ಆಯಿಲ್ ಕಂಪನಿಯ ತೈಲ ಟ್ಯಾಂಕ್‌ಗಳು ಹೊತ್ತಿ ಉರಿದವು. ಪ್ರಾಣಹಾನಿ ಕಡಿಮೆಯೇ, ಆದರೆ ದಿಗಿಲುಬಿದ್ದ ಜನ ಗುಂಪು ಗುಂಪಾಗಿ ನಗರ ಬಿಟ್ಟರು. ಹಡಗಿನ ಹೆಸರು ತಮಿಳಿನಲ್ಲಿ 'ಭಾರೀ ಗಟ್ಟಿಗ' ಎಂಬ ಅರ್ಥದ ಮಾತಾಗಿ ಇಂದಿಗೂ ಉಳಿದಿದೆ. ಕಾಪಾಡುವವರು ಇದ್ದಾರೆ ಎಂಬ ನಂಬಿಕೆಯೂ ರಕ್ಷಣೆಯ ಒಂದು ಭಾಗ.

ಬೇಡ ಎನ್ನುವವರು ಹೇಳುವುದೇನು?

ಅವರ ಮೊದಲ ಆಕ್ಷೇಪ ಸರಳ ಗಣಿತ. ಒಂದು ಪ್ರತಿಬಂಧಕ ಕ್ಷಿಪಣಿ ಹತ್ತರಲ್ಲಿ ಎಂಟು ಸಲ ಗುರಿ ಮುಟ್ಟುತ್ತದೆ ಎಂದುಕೊಳ್ಳಿ. ಬರುವ ಪ್ರತಿ ಕ್ಷಿಪಣಿಗೆ ಎರಡೆರಡು ಹಾರಿಸಿದರೆ ತಡೆಯುವ ಸಾಧ್ಯತೆ ನೂರಕ್ಕೆ 96. ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಒಮ್ಮೆಗೇ ಹತ್ತು ಕ್ಷಿಪಣಿ ಬಂದರೆ, ಹತ್ತನ್ನೂ ತಡೆಯುವ ಸಾಧ್ಯತೆ ನೂರಕ್ಕೆ 66 ಮಾತ್ರ. ಅಂದರೆ ಮೂರರಲ್ಲಿ ಒಂದು ಸಲ ಕನಿಷ್ಠ ಒಂದಾದರೂ ನುಸುಳುತ್ತದೆ. ಇಷ್ಟಕ್ಕೂ ಎಂಟು-ಹತ್ತರ ಈ ಲೆಕ್ಕವೇ ಉದಾರವಾದದ್ದು. ಅಮೆರಿಕ ಅಲಾಸ್ಕಾ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಇಟ್ಟಿರುವ 44 ಪ್ರತಿಬಂಧಕಗಳ ವ್ಯವಸ್ಥೆ, ಮೊದಲೇ ದಿನ ಗೊತ್ತುಮಾಡಿ ನಡೆಸಿದ ಪರೀಕ್ಷೆಗಳಲ್ಲೂ ಗೆದ್ದಿದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಲ ಅಷ್ಟೇ.

ಎರಡನೇ ಆಕ್ಷೇಪ, ಗುರಾಣಿ ದೊಡ್ಡದಾದರೆ ಎದುರಾಳಿ ಕತ್ತಿಯನ್ನು ಉದ್ದ ಮಾಡುತ್ತಾನೆ. ಶೀತಲ ಸಮರದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಇದನ್ನು ಅರಿತೇ 1972ರಲ್ಲಿ ಕ್ಷಿಪಣಿ ರಕ್ಷಣೆಗೆ ಮಿತಿ ಹೇರುವ ಒಪ್ಪಂದ ಮಾಡಿಕೊಂಡವು. ಕೊನೆಗೆ ತಲಾ ಒಂದೇ ನೆಲೆಗೆ ಅವಕಾಶ. ಸೋವಿಯತ್ ಆರಿಸಿದ್ದು ಮಾಸ್ಕೋ. ಪರಿಣಾಮ? ಆ ಕವಚವನ್ನು ಸೀಳಲೆಂದೇ ಬ್ರಿಟನ್ ತನ್ನ ಕ್ಷಿಪಣಿಗಳನ್ನು ದುಬಾರಿ ವೆಚ್ಚದಲ್ಲಿ ಮಾರ್ಪಡಿಸಿತು. ಕೊಡೆ ಹಿಡಿದ ನಗರದ ಮೇಲೇ ಹೆಚ್ಚು ಮಳೆ ಸುರಿಸುವ ಯೋಜನೆಗಳು ತಯಾರಾದವು. ಅಮೆರಿಕವಂತೂ ಉತ್ತರ ಡಕೋಟದಲ್ಲಿ ಕಟ್ಟಿದ ನೆಲೆಯನ್ನು ಕೆಲವೇ ತಿಂಗಳಲ್ಲಿ ಮುಚ್ಚಿತು.

ಉಪಖಂಡದಲ್ಲೂ ಇದೇ ನಡೆದಿದೆ. 2017ರ ಜನವರಿ 24ರಂದು ಪಾಕಿಸ್ತಾನ ಒಂದೇ ಕ್ಷಿಪಣಿಯಲ್ಲಿ ಹಲವು ಸಿಡಿತಲೆ ಒಯ್ಯಬಲ್ಲ 'ಅಬಾಬೀಲ್' ಪರೀಕ್ಷಿಸಿತು. ಈ ಪ್ರದೇಶದಲ್ಲಿ ಬೆಳೆಯುತ್ತಿರುವ ಕ್ಷಿಪಣಿ ರಕ್ಷಣಾ ವ್ಯವಸ್ಥೆಗಳೇ ಇದಕ್ಕೆ ಕಾರಣ ಎಂದು ಅದರ ಸೇನೆ ಬಹಿರಂಗವಾಗಿ ಹೇಳಿತು. ನಾವೂ ಸುಮ್ಮನಿಲ್ಲ. 2024ರ ಮಾರ್ಚ್ 11ರಂದು ಅಗ್ನಿ-5ರಲ್ಲಿ ಇದೇ ತಂತ್ರಜ್ಞಾನ ಪರೀಕ್ಷಿಸಿದೆವು.

ಮೂರನೇ ಆಕ್ಷೇಪ ವೆಚ್ಚ. ಅಮೆರಿಕ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಮೇ ತಿಂಗಳಲ್ಲಿ ಘೋಷಿಸಿದ 'ಗೋಲ್ಡನ್ ಡೋಮ್'ಗೆ ಹೇಳಿದ ಮೊತ್ತ 17,500 ಕೋಟಿ ಡಾಲರ್. ಬಾಹ್ಯಾಕಾಶದಲ್ಲಿಡುವ ಪ್ರತಿಬಂಧಕಗಳಿಗೇ 20 ವರ್ಷಗಳಲ್ಲಿ 54,200 ಕೋಟಿ ಡಾಲರ್‌ವರೆಗೂ ಬೇಕಾಗಬಹುದು ಎಂದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿ ಲೆಕ್ಕ ಹಾಕಿದೆ. ಅಗ್ಗದ ಡ್ರೋನ್ ಹೊಡೆಯಲು ದುಬಾರಿ ಕ್ಷಿಪಣಿ ಖರ್ಚು ಮಾಡುತ್ತ ಹೋದರೆ ಮೊದಲು ಖಾಲಿಯಾಗುವುದು ರಕ್ಷಿಸುವವನ ಕಣಜ.

ನಾಲ್ಕನೆಯದು, ಗುರಾಣಿಯೇ ಗುರಿಯಾಗುತ್ತದೆ. 2025ರ ಮೇ 8ರಂದು ಲಾಹೋರ್‌ನ ವಾಯು ರಕ್ಷಣಾ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಿದ್ದಾಗಿ ಭಾರತವೇ ಪ್ರಕಟಿಸಿತು. ನಾವು ಮಾಡಿದ್ದನ್ನು ಎದುರಾಳಿಯೂ ಮಾಡಲು ಯತ್ನಿಸುತ್ತಾನೆ.

2001ರಲ್ಲಿ ಭಾರತ ನಿಲುವು ಬದಲಿಸಿದ್ದೇಕೆ?

ಈ ಚರ್ಚೆ ನಮ್ಮಲ್ಲಿ ಮೊದಲು ಕಾವೇರಿದ್ದು 2001ರಲ್ಲಿ. ಅದಕ್ಕೂ ಮುನ್ನ ಬಾಹ್ಯಾಕಾಶದ ಶಸ್ತ್ರೀಕರಣವನ್ನು ಭಾರತ ವಿರೋಧಿಸುತ್ತಲೇ ಬಂದಿತ್ತು. 1983ರಲ್ಲಿ ರೊನಾಲ್ಡ್ ರೇಗನ್ 'ಸ್ಟಾರ್ ವಾರ್ಸ್' ಯೋಜನೆ ತಂದಾಗಲೂ ನಮ್ಮ ನಿಲುವು ಅದೇ. ಆದರೆ 2001ರ ಮೇ 1ರಂದು ಜಾರ್ಜ್ ಬುಷ್ ರಾಷ್ಟ್ರೀಯ ಕ್ಷಿಪಣಿ ರಕ್ಷಣೆಯ ಭಾಷಣ ಮಾಡಿದಾಗ, ಜಸ್ವಂತ್ ಸಿಂಗ್ ಸಚಿವರಾಗಿದ್ದ ವಿದೇಶಾಂಗ ಸಚಿವಾಲಯ ಮರುದಿನವೇ ಅದನ್ನು ಸ್ವಾಗತಿಸಿತು. ಅಮೆರಿಕದ ಮಿತ್ರರೇ ಇನ್ನೂ ಅನುಮಾನಿಸುತ್ತಿದ್ದ ಹೊತ್ತು ಅದು. ಅಮೆರಿಕದ ಜೊತೆ ಸಂಬಂಧ ಸುಧಾರಿಸುವ ಅವಕಾಶವನ್ನು ಸರ್ಕಾರ ಅದರಲ್ಲಿ ಕಂಡಿತು. ಇಷ್ಟು ದೊಡ್ಡ ತಿರುವನ್ನು ಚರ್ಚೆಯಿಲ್ಲದೆ ತೆಗೆದುಕೊಂಡಿದ್ದು ಸರಿಯೇ ಎಂದು ಟೀಕಾಕಾರರು ಕೇಳಿದರು. 2002ರ ಜೂನ್‌ನಲ್ಲಿ ಅಮೆರಿಕ 1972ರ ಒಪ್ಪಂದದಿಂದ ಹೊರನಡೆಯಿತು.

ಹಾಗಾದರೆ ಯಾರು ಸರಿ?

ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಆದರೆ ಅವರು ಬಹಳ ಸಲ ಬೇರೆ ಬೇರೆ ಅಪಾಯದ ಬಗ್ಗೆ ಮಾತನಾಡುತ್ತಿರುತ್ತಾರೆ.

ಸಾಮಾನ್ಯ ಸಿಡಿತಲೆಯ ಕ್ಷಿಪಣಿ ಅಥವಾ ಡ್ರೋನ್ ವಿಷಯದಲ್ಲಿ ಹತ್ತರಲ್ಲಿ ಒಂಬತ್ತನ್ನು ತಡೆದರೆ ಅದು ದೊಡ್ಡ ಗೆಲುವು. ನುಸುಳಿದ ಒಂದರಿಂದ ಒಂದು ಕಟ್ಟಡ ಹೋಗಬಹುದು, ನಗರ ಉಳಿಯುತ್ತದೆ. 2025ರ ಮೇ ತಿಂಗಳಲ್ಲಿ ನಾವು ನೋಡಿದ್ದು ಈ ಬಗೆಯ ಕದನ. ಇಲ್ಲಿ ಕವಚಕ್ಕೆ ಹಾಕಿದ ದುಡ್ಡಿಗೆ ಉತ್ತರ ಸಿಗುತ್ತದೆ.

ಅಣ್ವಸ್ತ್ರದ ವಿಷಯದಲ್ಲಿ ಅದೇ 'ಹತ್ತರಲ್ಲಿ ಒಂಬತ್ತು' ಸೋಲೇ ಸರಿ. ನುಸುಳಿದ ಒಂದೇ ಸಾಕು. ಅಲ್ಲಿ ಇಷ್ಟು ದಿನ ನಮ್ಮನ್ನು ಕಾಪಾಡಿರುವುದು ತಿರುಗೇಟಿನ ಭಯ, ಹಾಟ್‌ಲೈನ್, ಒಪ್ಪಂದಗಳು ಮತ್ತು ಸಂಯಮ. ಮೊದಲ ಬಗೆಯ ಗೆಲುವನ್ನು ತೋರಿಸಿ ಎರಡನೆಯದಕ್ಕೂ ಭರವಸೆ ಕೊಟ್ಟರೆ ಜನ ಮೋಸಹೋಗುತ್ತಾರೆ. ಕವಚ ಇದೆಯಲ್ಲ ಎಂಬ ಧೈರ್ಯದಲ್ಲಿ ಮುಂದಿನ ಬಿಕ್ಕಟ್ಟಿನಲ್ಲಿ ಯಾರಾದರೂ ಒಂದು ಹೆಜ್ಜೆ ಹೆಚ್ಚಿಟ್ಟರೆ, ಅದರ ಬೆಲೆ ತೆರುವುದು ನಗರಗಳು.

ಕವಚದ ಕೆಳಗಿರುವವರು ಏನು ಕೇಳಬೇಕು?

ಎಲ್ಲಿ ಎಷ್ಟು ಕ್ಷಿಪಣಿ ಇದೆ ಎಂದು ಸರ್ಕಾರ ಹೇಳಲಾಗದು, ಹೇಳಬಾರದು ಕೂಡ. ಆದರೆ ಕೇಳಬಹುದಾದ ಪ್ರಶ್ನೆಗಳಿವೆ.

ಒಂದು, ಲೆಕ್ಕಪರಿಶೋಧನೆ. ಆಕಾಶ್ ಕ್ಷಿಪಣಿಗಳನ್ನು ಪರೀಕ್ಷಿಸಿದಾಗ ಇಪ್ಪತ್ತರಲ್ಲಿ ಆರು ವಿಫಲವಾಗಿದ್ದವು ಎಂದು 2017ರಲ್ಲಿ ಸಿಎಜಿ ವರದಿ ಹೇಳಿತು. ಮುಜುಗರದ ಸಂಗತಿಯೇ. ಆದರೆ ದೋಷ ಹೊರಬರಬೇಕಾದದ್ದು ಯುದ್ಧಕ್ಕೆ ಮೊದಲು. 2025ರಲ್ಲಿ ಅದೇ ಆಕಾಶ್ ಮೆಚ್ಚುಗೆ ಪಡೆಯಿತು. ಸುದರ್ಶನ ಚಕ್ರಕ್ಕೂ ಇಂಥ ಪರಿಶೀಲನೆ ಇರುತ್ತದೆಯೇ?

ಎರಡು, ಎಚ್ಚರಿಕೆ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕ, ತಮಿಳುನಾಡಿನ ಮೊಬೈಲ್‌ಗಳು ಒಮ್ಮೆಗೇ ಜೋರಾಗಿ ಸದ್ದು ಮಾಡಿದ್ದು ನೆನಪಿರಬಹುದು. ಅದು ವಿಪತ್ತು ಎಚ್ಚರಿಕೆಯ ಪರೀಕ್ಷೆ. ಕ್ಷಿಪಣಿ ಬಂದರೆ ಆ ಸಂದೇಶ ಯಾವ ಭಾಷೆಯಲ್ಲಿ, ಎಷ್ಟು ನಿಮಿಷ ಮೊದಲು ಬರುತ್ತದೆ? ತಪ್ಪು ಸಂದೇಶವೂ ಅಪಾಯವೇ. 2018ರ ಜನವರಿಯಲ್ಲಿ ಅಮೆರಿಕದ ಹವಾಯಿಯಲ್ಲಿ ಕ್ಷಿಪಣಿ ಬರುತ್ತಿದೆ ಎಂಬ ಸುಳ್ಳು ಎಚ್ಚರಿಕೆ ಹೋಗಿ, ಅದನ್ನು ಸರಿಪಡಿಸಲು 38 ನಿಮಿಷ ಬೇಕಾಯಿತು.

ಮೂರು, ಆಶ್ರಯ. ಇಸ್ರೇಲ್ ಎಂದರೆ ನಮಗೆ 'ಐರನ್ ಡೋಮ್' ನೆನಪಾಗುತ್ತದೆ. ಆದರೆ 1991ರ ಕೊಲ್ಲಿ ಯುದ್ಧದ ನಂತರ ಅಲ್ಲಿ ಹೊಸ ಮನೆಗಳಲ್ಲಿ ಸುರಕ್ಷಾ ಕೋಣೆಯೂ ಕಡ್ಡಾಯವಾಯಿತು. ಹಲವು ಪದರಗಳ ಕವಚ ಇದ್ದರೂ 2025ರ ಜೂನ್‌ನಲ್ಲಿ ಇರಾನ್ ಕ್ಷಿಪಣಿಗಳು ನುಸುಳಿ ಎರಡು ಡಜನ್‌ಗೂ ಹೆಚ್ಚು ಮಂದಿ ಸತ್ತರು. ಸೈರನ್ ಮತ್ತು ಕೋಣೆ ಇಲ್ಲದಿದ್ದರೆ ಸಾವು ಇನ್ನೂ ಹೆಚ್ಚುತ್ತಿತ್ತು.

ವೇಲಚೇರಿಯ ವಿಷಯದಲ್ಲಿ ಈ ಮೂರನೇ ಪ್ರಶ್ನೆ ಇನ್ನಷ್ಟು ಕಠಿಣ. ವಾಯುದಾಳಿಯ ಸೈರನ್ ಕೇಳಿದರೆ ನೆಲಮಾಳಿಗೆಗೆ ಇಳಿಯಿರಿ ಎಂಬುದು ಎಲ್ಲೆಡೆಯ ಸಲಹೆ. ಆದರೆ ಇದು ಪಳ್ಳಿಕರಣೈ ಜೌಗು ಪ್ರದೇಶದ ಪಕ್ಕದ ತಗ್ಗು ನೆಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇಲ್ಲಿ ಮೊದಲು ನೀರು ತುಂಬುವುದು ನೆಲಮಾಳಿಗೆಗೇ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ವೇಳೆ, ಕಟ್ಟಡಕ್ಕಾಗಿ ತೋಡಿದ್ದ ಆಳವಾದ ಗುಂಡಿಯಲ್ಲಿ ಸಿಲುಕಿ ಇಬ್ಬರು ಜೀವ ಕಳೆದುಕೊಂಡಿದ್ದು ಇದೇ ವೇಲಚೇರಿಯಲ್ಲಿ. ಮಳೆಗೆ ಮೇಲೆ ಹತ್ತಬೇಕು, ಕ್ಷಿಪಣಿಗೆ ಕೆಳಗಿಳಿಯಬೇಕು. ಎರಡಕ್ಕೂ ಒದಗುವ ಜಾಗ ಯಾವುದು? ಇದಕ್ಕೆ ಉತ್ತರ ಡಿಆರ್‌ಡಿಒದ್ದಲ್ಲ, ಮಹಾನಗರ ಪಾಲಿಕೆ ಮತ್ತು ಜಿಲ್ಲಾಡಳಿತದ್ದು. ಕವಚಕ್ಕೆ ಹೋಗುವ ಹಣಕ್ಕೆ ಹೋಲಿಸಿದರೆ ಇದಕ್ಕೆ ಬೇಕಿರುವುದು ಅಲ್ಪ.

ಮೇಲ್ಸೇತುವೆಯ ಮೇಲೆ ಕಾರು ನಿಲ್ಲಿಸಿದವರಿಗೆ ಅದರಿಂದ ಪ್ರವಾಹ ನಿಲ್ಲುವುದಿಲ್ಲ ಎಂಬುದು ಗೊತ್ತಿತ್ತು. ಅಲ್ಲಿ ಇಂತಿಷ್ಟೇ ಕಾರುಗಳಿಗೆ ಜಾಗ, ತಡವಾಗಿ ಬಂದವರ ಕಾರು ಕೆಳಗೇ ಉಳಿಯುತ್ತದೆ ಎಂಬುದೂ ಗೊತ್ತಿತ್ತು. ಆದರೂ ನಿಲ್ಲಿಸಿದರು, ಜೊತೆಗೆ ರಾಜಕಾಲುವೆ ಏನಾಯಿತು ಎಂದು ಪಾಲಿಕೆಯನ್ನು ಕೇಳುವುದನ್ನೂ ಬಿಡಲಿಲ್ಲ. 2035ರ ಕವಚದ ಬಗ್ಗೆಯೂ ಅಷ್ಟೇ ಸ್ಪಷ್ಟವಾಗಿ ಯೋಚಿಸಬೇಕಾಗಿದೆ. ಅದು ಬರಲಿ, ಆದರೆ ಅದು ಎಷ್ಟು ಜನರನ್ನು, ಯಾವುದರಿಂದ ಕಾಪಾಡುತ್ತದೆ ಎಂಬ ಪ್ರಶ್ನೆಯನ್ನು ವೇಲಚೇರಿಯವರೂ ಬೆಂಗಳೂರಿನವರೂ ಕೇಳುತ್ತಲೇ ಇರಬೇಕು.